ಮಾಸ್ತರರ ಎತ್ತಿದ ಕೈ

ಇವತ್ತು ಹಿತ್ತಾಳೆ ದೀಪ ತಿಕ್ಕಲು ಹುಣಸೆಹಣ್ಣು ನೆನೆಹಾಕಿದ್ದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ಯಾಂಡ್ ಮಾಸ್ತರರು ಕಣ್ಣ ಮುಂದೆ ಬಂದರು. ಹೊಸಪೇಟೆಯ ನಮ್ಮ ಓಣಿಯಲ್ಲಿ ಎದುರಿನ ಮನೆ ಅವರದು. ಸ್ಯಾಕ್ಸೊಫೋನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಅಗಲ ಬಾಯಿಯನ್ನು ಹುಣಸೆಹಣ್ಣಿನಿಂದಲೇ ತಿಕ್ಕುತ್ತಿದ್ದರು...

ಯಾರದೋ ಮೇಳದಲ್ಲಿ ತಾಳ ಹೊಡೆದುಕೊಂಡಿದ್ದವರು ಮುಂದೆ ಹನ್ನೆರಡು ಜನರ ಬ್ಯಾಂಡ್ ಕಟ್ಟಿದರು. ಕಂಪ್ಲಿಯ ಅಕ್ಕಿ ಗಿರಣಿಯವರ ಮದುವೆಯಿರಲಿ, ಸಂಡೂರಿನ ಲಾರಿ ಮಾಲೀಕರದಿರಲಿ, ಮಾಸ್ತರರು ಒಪ್ಪಿದ ದಿನವೇ ಮುಹೂರ್ತ ಎಂದು ಜನ ಚೇಷ್ಟೆ ಮಾಡುತ್ತಿದ್ದರು. ಬಳ್ಳಾರಿ ಬಿಸಿಲಿನಲ್ಲೂ ಕೆಂಪು ಕೋಟಿನ ಒಂದು ಗುಂಡಿ ಬಿಚ್ಚಿದವರಲ್ಲ.

ಅವರದೊಂದು ಕಟ್ಟುನಿಟ್ಟಿತ್ತು. ಮೆರವಣಿಗೆಯ ದಾರಿಯಲ್ಲಿ ಸಾವಾದ ಮನೆ ಬಂದರೆ ಅವರ ಬಲಗೈ ಮೇಲೇಳುತ್ತಿತ್ತು, ಬ್ಯಾಂಡ್ ಗಪ್ಪಾಗುತ್ತಿತ್ತು. ಮನೆ ದಾಟಿದ ಮೇಲೆಯೇ ಮತ್ತೆ ಶುರು.

ಅವ್ವ ಹಾಸಿಗೆ ಹಿಡಿದ ವರ್ಷ ನಮ್ಮ ಮನೆಯ ಮುಂದೆಯೂ ಕೈ ಎತ್ತಿಬಿಟ್ಟರು. ಕಾಯಿಲೆಯವಳಿಗೆ ಗದ್ದಲ ಆಗದಿರಲೆಂಬ ಕಾಳಜಿ. ಆದರೆ ಅವ್ವ ಅದೇ ಸ್ಯಾಕ್ಸೊಫೋನ್ ಕೇಳಲೆಂದು ಸಂಜೆಯಿಂದ ಕಾದಿದ್ದಳು. ಸದ್ದು ನಿಂತದ್ದೇ ಅವಳ ಮುಖ ಸಣ್ಣಗಾಯಿತು.

"ನಾ ಸತ್ತೀನಂತ ತಿಳಕೊಂಡಾರೇನು? ಹೋಗವ್ವ, ಇನ್ನಾ ಅದೀನಂತ ಹೇಳಿ ಬಾ."

ಓಡಿಹೋಗಿ ಹೇಳಿದೆ. ಮಾಸ್ತರರು ನಾಲಿಗೆ ಕಚ್ಚಿಕೊಂಡು, ಜೀಪಿನಲ್ಲಿದ್ದ ಮದುಮಗನನ್ನು ಅಲ್ಲೇ ಬಿಟ್ಟು ನಮ್ಮ ಕಿಟಕಿಗೆ ಬಂದರು.

"ತಪ್ಪಾತ್ರೀ ಅಕ್ಕಾರ. ನೀವು ಸಾಕನ್ನೋ ತನಕ ಬಾರಿಸ್ತೀನಿ."

ಅವ್ವ ಸಾಕು ಅನ್ನಲೇ ಇಲ್ಲ. ಬೀಗರು ಬೈಯಲು ಶುರು ಮಾಡಿದ ಮೇಲೆಯೇ ಮೆರವಣಿಗೆ ಹೊರಟಿತು. ಅಲ್ಲಿಂದಾಚೆಗೆ ಪ್ರತಿ ಮೆರವಣಿಗೆಯೂ ನಮ್ಮ ಬಾಗಿಲಲ್ಲಿ ಒಂದು ಹಾಡಿನಷ್ಟು ಹೊತ್ತು ನಿಲ್ಲುತ್ತಿತ್ತು. ಅವ್ವ ತೀರಿಕೊಂಡ ವಾರವೂ ಒಂದು ಬಂತು. ಕೈ ಮೇಲೆದ್ದಿತು. ಹನ್ನೆರಡೂ ಜನ ಹೆಜ್ಜೆಯ ಸದ್ದೂ ಆಗದಂತೆ ದಾಟಿದರು. ಅವ್ವ ಇನ್ನಿಲ್ಲ ಅನ್ನುವುದು ನನಗೆ ನಿಜವಾಗಿ ತಿಳಿದದ್ದು ಆಗಲೇ...

ಆಮೇಲೆ ಡಿಜೆ ಬಂತು. ಬ್ಯಾಂಡಿನವರು ಒಬ್ಬೊಬ್ಬರೇ ಕುರೆಕುಪ್ಪದ ಕಡೆ ಕಾರ್ಖಾನೆ ಕೆಲಸಕ್ಕೆ ಹೋದರು. ಕೆಂಪು ಕೋಟು ಗೂಟಕ್ಕೆ ಬಿತ್ತು. ಹೋದ ವಾರ ಮಾಸ್ತರರೂ ತೀರಿಕೊಂಡರು.

ದೀಪ ಅರ್ಧ ತಿಕ್ಕಿದ್ದೆ, ಓಣಿಗೆ ಮೆರವಣಿಗೆ ನುಗ್ಗಿತು. ಕಿಟಕಿಯ ಗಾಜು ಅದುರುತ್ತಿತ್ತು. ಏನನ್ನಿಸಿತೋ, ಹುಣಸೆಹಣ್ಣು ಮೆತ್ತಿದ ಕೈಯಲ್ಲೇ ಹೊರಗೋಡಿ, ಅವರ ಮನೆಯ ಮುಂದೆ ನಿಂತು, ಅವರಂತೆಯೇ ಬಲಗೈ ಎತ್ತಿದೆ.

ಡಿಜೆ ಹುಡುಗ ಸದ್ದು ತುಸು ತಗ್ಗಿಸಿ, ನಗುತ್ತ ತಲೆ ಹೊರಹಾಕಿದ.

"ಯಾವ ಹಾಡು ಹಾಕ್ಲಿ ರೀ ಅಕ್ಕಾ?"

ಈ ಮನೆ ದಾಟುವಷ್ಟು ಹೊತ್ತು ಸುಮ್ಮನಿರಪ್ಪ ಅನ್ನಬೇಕಿತ್ತು. ಎತ್ತಿದ ಕೈ ಇಳಿಸದೆ ಹಾಗೇ ನಿಂತೆ. ಅವನು ಸ್ವಲ್ಪ ಕಾದು ನೋಡಿ, ತಾನೇ ಒಂದು ಹಾಡು ಆರಿಸಿ, ಮಾಸ್ತರರ ಬಾಗಿಲಲ್ಲೇ ಜೋರಾಗಿ ಹಚ್ಚಿದ.