ಗಂಟು ಮೇಸ್ತ್ರಿಯ ಚಮಚ

ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಅವನನ್ನು ಎಲ್ಲರೂ ಗಂಟು ಮೇಸ್ತ್ರಿ ಎನ್ನುತ್ತಿದ್ದರು. ಲಾರಿಗೆ ಹೇರಿದ ಬೀರು, ಮಂಚ, ಕನ್ನಡಿಗಳಿಗೆ ಹಗ್ಗ ಬಿಗಿಯುವುದು ಅವನ ಕೆಲಸ. ಮುಖ ಗಂಟಿಕ್ಕಿಕೊಂಡಿರುವುದು ಅವನ ಹವ್ಯಾಸ. ಹೆಸರು ಯಾವುದರಿಂದ ಬಂತು ಎಂಬ ಬಗ್ಗೆ ಹಮಾಲರಲ್ಲಿ ಎರಡು ಪಂಥಗಳಿದ್ದವು.

ಅವನು ಎಡಚ. ಹಗ್ಗವನ್ನು ಸುತ್ತಿ, ಹಿಂದಕ್ಕೊಮ್ಮೆ ತಿರುಗಿಸಿ, ಬಾಲವನ್ನು ಎಡಗಡೆಯಿಂದ ಒಳಕ್ಕೆ ತೂರಿಸುತ್ತಿದ್ದ. ಲಾರಿ ಹಳ್ಳ ಹಾರಿದರೂ ಆ ಗಂಟು ಜಗ್ಗದು. ಬಾಲ ಎಳೆದರೆ ಮಾತ್ರ ಸರ್ರನೆ ಬಿಚ್ಚಿಕೊಳ್ಳುವುದು. ಬೇರೆಯವರು ಕಟ್ಟಿದ್ದನ್ನು ಅವನು ನಂಬಿದವನೇ ಅಲ್ಲ. ಬಿಚ್ಚುವುದು, ಮತ್ತೆ ಕಟ್ಟುವುದು.

"ಮೇಸ್ತ್ರಿ, ನಿಮ್ಮನ್ನ ಹೆತ್ತ ತಾಯಿ ಜಡೆ ಹಾಕ್ಕೊಂಡಿದ್ರೂ ಬಿಚ್ಚಿ ನೋಡ್ತಿದ್ರೇನೋ" ಎನ್ನುತ್ತಿದ್ದ ಪಿಯಾನೋ. ಪಿಯಾನೋ ಎಂದರೆ ಹಿರಿಯ ಹಮಾಲ. ಮೆಟ್ಟಿಲ ಮೇಲಿಂದ ಏನನ್ನು ಬೀಳಿಸಿ ಈ ಬಿರುದು ಗಳಿಸಿದ ಎಂದು ವಿವರಿಸಬೇಕಾಗಿಲ್ಲ.

ಇಂಥ ಮನುಷ್ಯ ತನ್ನ ಎರಡು ಕೈಗಳನ್ನು ಕಟ್ಟಲು ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ ಕೊಟ್ಟಿದ್ದ: ಕಟ್ಟಿಕೊಂಡವಳಿಗೆ.

ಅವಳು ಶಾಲೆಯ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದಳು. ಕಪ್ಪೆಯ ಹೊಟ್ಟೆ, ಹೂವಿನ ಸೀಳು, ಎದೆಗೂಡಿನ ಎಲುಬು. ಒಂದು ನರ ಅತ್ತಿತ್ತಾದರೂ ಅವಳಿಗೆ ಊಟ ಸೇರದು. ರಾಟೆಯ ಪಾಠಕ್ಕೆ ಗಂಟಿನ ಚಿತ್ರ ಬೇಕಾದಾಗ ಗಂಡನನ್ನು ಕೇಳಿದಳು. ಅವನು ಕಟ್ಟಿ ತೋರಿಸಿದ. ಅವಳು ಕಲಿಯಲೆಂದು ತನ್ನ ಮಣಿಕಟ್ಟುಗಳನ್ನೇ ಮುಂದೆ ಚಾಚಿದ. ಗಂಟು ಬಿಗಿಯುತ್ತಿದ್ದಂತೆ, ಮದುವೆಯಾದಾಗಿನಿಂದ ಕಿವಿಯ ಹತ್ತಿರವೇ ಇದ್ದ ಅವನ ಹೆಗಲುಗಳು ಕೆಳಗಿಳಿದವು.

"ಬಿಚ್ಲಾ ರೀ?"

"ಸ್ವಲ್ಪ ಹೊತ್ತು ಇರ್ಲಿ. ಊರವರ ಗಾಜು ಪಿಂಗಾಣಿ ಎಲ್ಲ ನಾನು ಕಟ್ಟಿಡ್ತೀನಿ. ನನ್ನನ್ನ ಯಾರೂ ಇಷ್ಟು ಜೋಪಾನವಾಗಿ ಕಟ್ಟಿಟ್ಟಿರ್ಲಿಲ್ಲ."

ಹೀಗೆ ಶುರುವಾಯಿತು. ಬರಬರುತ್ತ ಹಗ್ಗದ ಜೊತೆಗೆ ಆಜ್ಞೆಯೂ ಬಂತು. ಅವಳು ಮಂಡಿಯೂರು ಎಂದರೆ ಅವನು ಊರುವನು, ಕಣ್ಣು ಮುಚ್ಚು ಎಂದರೆ ಮುಚ್ಚುವನು. ಹಗ್ಗ ಹೊರಬಂದ ಕೂಡಲೇ ಅವಳ ಬಾಯಲ್ಲಿ 'ರೀ' ಹೋಗಿ 'ಲೋ' ಬರುತ್ತಿತ್ತು. ಆದರೆ ಮೊದಲು ಕೇಳಲೇಬೇಕು: "ಇವತ್ತು ಬೇಕಾ?" ಅವನು ಎಷ್ಟೋ ಸಲ ಬೇಡ ಎನ್ನುತ್ತಿದ್ದ. ಹಗ್ಗ ಮರಳಿ ಪೆಟ್ಟಿಗೆಗೆ ಹೋಗುತ್ತಿತ್ತು. ಯಾರ ಮುಖವೂ ಊದುತ್ತಿರಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿದಾಗ ಅವನ ಕೈಯಲ್ಲೊಂದು ಸ್ಟೀಲ್ ಚಮಚ. ಅವನು ಅದನ್ನು ಬಿಟ್ಟ ಸದ್ದು ಕೇಳಿದರೆ ಅವಳು ತಕ್ಷಣ ಬಾಲ ಎಳೆಯಬೇಕು, ಯಾಕೆ ಏನು ಎಂದು ಕೇಳಕೂಡದು. ಆ ಮನೆಯಲ್ಲಿ ಬೇಡ ಎನ್ನುವುದಕ್ಕೆ ಕಾರಣ ಕೊಡಬೇಕಾಗಿರಲಿಲ್ಲ. ಈ ಸೌಕರ್ಯ ಎಷ್ಟು ಮನೆಗಳಲ್ಲಿದೆ ಎಂದು ಓದುಗರು ತಂತಮ್ಮ ಮನೆಯಲ್ಲಿ ವಿಚಾರಿಸಿಕೊಳ್ಳಬಹುದು, ಧೈರ್ಯವಿದ್ದರೆ.

ಪಠ್ಯಪುಸ್ತಕದವರು ಕಂಪ್ಯೂಟರಿನ ಸಿದ್ಧಚಿತ್ರಗಳಿಗೆ ತಿರುಗಿಕೊಂಡಾಗ ಅವಳ ಕಪ್ಪೆಗಳು ಅನಾಥವಾದವು. ಮಾಂಗಾ ಎಂಬ ಜಪಾನಿ ಮಾದರಿಯ ಚಿತ್ರಕತೆಗಳ ಪತ್ರಿಕೆಯೊಂದರ ಸಂಪಾದಕಿ ಕರೆದು, "ಪ್ರೇಮಕತೆ ಗೋಡೌನ್ ತುಂಬ ಬಿದ್ದಿದೆ. ಯಾರೂ ಹೇಳದ್ದು ಇದ್ರೆ ಕೊಡಿ" ಎಂದಳು.

ಅವಳು ಗಂಡನನ್ನು ಕೇಳಿದಳು. ಅವನು ಊಟ ಮುಗಿಯುವವರೆಗೆ ಯೋಚಿಸಿದ.

"ನಮ್ಮದನ್ನೇ ಬರಿ. ಮುಖ ಬದಲಾಯ್ಸು. ಆದ್ರೆ ಚಮಚ ಬೇಡ. ಅದು ನನ್ನದು."

ಗುಪ್ತನಾಮದಲ್ಲಿ ಚಿತ್ರಕತೆ ಶುರುವಾಯಿತು. ನಾಯಕಿ ಬ್ಯಾಂಕಿನ ಅಧಿಕಾರಿ, ನಾಯಕ ಕಾವಲುಗಾರ. ದೊಡ್ಡ ಕಣ್ಣು, ಚೂಪು ಗಲ್ಲ. ಕೆಲವು ಕಂತುಗಳಾದ ಮೇಲೆ ಸಂಪಾದಕಿ ಪುಟಗಳನ್ನು ಮುಂದೆ ಹರಡಿಕೊಂಡು ಕುಳಿತಳು.

"ಇವಳು ರಾಕ್ಷಸಿ ಥರ ಕಾಣ್ತಾಳಲ್ಲ ಮೇಡಂ. ಅವನಿಗೆ ಸಾಕು ಅನ್ನಿಸಿದ್ರೆ?"

"ಅದಕ್ಕೊಂದು ದಾರಿ ಇದೆ."

"ಇದ್ರೆ ತೋರ್ಸಿ. ಅದಿಲ್ದಿದ್ರೆ ಇದು ಬರೀ ಹಿಂಸೆ, ನಾನು ಹಾಕಲ್ಲ."

ಸಂಪಾದಕಿ ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪು ಮಾತಾಗಿದ್ದರೆ ಮೇಸ್ತ್ರಿಯ ಹೆಂಡತಿ ತಳ್ಳಿಹಾಕಬಹುದಿತ್ತು. ಎರಡು ದಿನ ಒದ್ದಾಡಿ, ಗಂಡನಿಗೆ ಹೇಳದೆ, ಒಂದು ಇಡೀ ಪುಟದಲ್ಲಿ ಬೀಳುತ್ತಿರುವ ಚಮಚ ಬರೆದಳು. ನಂಬಿಕೆ ಎಂದರೆ ಇದು ಎಂದು ಓದುಗರು ಕಣ್ಣೊರೆಸಿಕೊಂಡರು. ಊರಿಗೆಲ್ಲ ನಂಬಿಕೆ ಹಂಚಿದ ಮನೆಯಲ್ಲಿ ಅಂದು ಅದರ ಡಬ್ಬಿ ಖಾಲಿ.

ಅಷ್ಟಾದರೂ ಇದು ಯಾರ ಕತೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕಪ್ಪೆಯ ನರ ತಪ್ಪಿಸದವಳು ಗಂಟು ತಪ್ಪಿಸುತ್ತಾಳೆಯೇ? ಮುಖ ಬದಲಾಯಿಸಿದ್ದಳು, ಊರು ಬದಲಾಯಿಸಿದ್ದಳು, ಗಂಟನ್ನು ಮಾತ್ರ ಇದ್ದ ಹಾಗೆಯೇ ಬರೆದಿದ್ದಳು, ಬಾಲ ಎಡಗಡೆಯಿಂದ. ಪಿಯಾನೋನ ಮಗಳು ಕಾಲೇಜಿನಿಂದ ತಂದ ಪತ್ರಿಕೆ ಕಂಪನಿಯ ಕ್ಯಾಂಟೀನಿಗೆ ಬಂತು.

"ಯಾರ ಗಂಟು ಹೇಳ್ರೋ ಇದು" ಎಂದ ಪಿಯಾನೋ. ಹೇಳಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ.

ಮರುದಿನ ಮೇಸ್ತ್ರಿ ಊಟಕ್ಕೆ ಕೂತಾಗ ಪಕ್ಕದ ಮೇಜಿನಿಂದ ಚಮಚ ಬಿತ್ತು. ಠಣ್. ಅವನು ಬಗ್ಗಿ ಎತ್ತಿಕೊಟ್ಟ. ಹಿಂದಿನ ಮೇಜಿನಿಂದ ಇನ್ನೊಂದು ಬಿತ್ತು. ಅದನ್ನೂ ಎತ್ತಿಕೊಟ್ಟ. ಮೂಲೆಯಿಂದ ಮತ್ತೊಂದು ಬಿದ್ದಾಗ ಅವನು ಬಗ್ಗಲಿಲ್ಲ.

"ಏನ್ ಮೇಸ್ತ್ರಿ, ಸಾಕಾಯ್ತಾ? ನಮ್ಮನ್ನ ಕಟ್ಟಿಹಾಕೋರಿಗೂ ಮನೇಲಿ ಕಟ್ಟುಪಾಡು ಇದೆ ಅಂತ ಗೊತ್ತಿರ್ಲಿಲ್ಲ" ಎಂದು ಪಿಯಾನೋ ಪತ್ರಿಕೆ ಮುಂದಿಟ್ಟ.

ಅವನು ನಿಂತುಕೊಂಡೇ ಓದಿ, ಮಡಚಿ, ಹಿಂದಕ್ಕೆ ಕೊಟ್ಟ. ಮನೆಗೆ ಬಂದು ಕೈಕಾಲು ತೊಳೆದು, "ಚಮಚ ಚೆನ್ನಾಗಿ ಬಂದಿದೆ" ಎಂದ.

"ತಪ್ಪಾಯ್ತು ರೀ. ಅದಿಲ್ದೆ ಜನ ನಮ್ಮನ್ನ ತಪ್ಪು ತಿಳೀತಿದ್ರು."

"ಈಗ ಸರಿಯಾಗಿ ತಿಳ್ಕೊಂಡಿದಾರೆ ಬಿಡು."

ಅವನು ಜಗಳವಾಡಲಿಲ್ಲ. ಕ್ಯಾಂಟೀನಿನಲ್ಲಿ ಚಮಚಗಳು ಬೀಳುತ್ತಲೇ ಇದ್ದವು. ಅವನು ಊಟದ ಡಬ್ಬಿಯನ್ನು ಲಾರಿಯೊಳಗೆ ಕೊಂಡೊಯ್ಯತೊಡಗಿದ. ಮಳೆಗಾಲ ಕಳೆದ ಮೇಲೆ ಒಂದು ರಜೆಯ ಮಧ್ಯಾಹ್ನ ತಾನಾಗಿಯೇ ಹಗ್ಗದ ಪೆಟ್ಟಿಗೆ ತಂದಿಟ್ಟ. ಅವಳು ಕೇಳಿದಳು, "ಬೇಕಾ?" "ಹೂಂ" ಎಂದ. ಕ್ಷಮಿಸಿದನೆಂದು ಅವಳ ಕೈ ಹಗುರಾಯಿತು. ಹಗುರಾದ ಕೈಯಲ್ಲಿ ಒಂದು ಸುತ್ತು ಸರಿದು ಮಣಿಕಟ್ಟಿನ ನರದ ಮೇಲೆ ಕೂತದ್ದು ತಿಳಿಯಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಚಮಚ ಕೊಟ್ಟು, ಅವನ ಬೆನ್ನಿಗೆ ತನ್ನ ಬೆನ್ನು ಆನಿಸಿ ಕುಳಿತು ಅವಳು ಸದ್ದಿಗೆ ಕಿವಿಗೊಟ್ಟಳು. ಸದ್ದಿಲ್ಲ. ಸದ್ದಿಲ್ಲವೆಂದರೆ ಎಲ್ಲ ಸರಿಯಿದೆ ಎಂದೇ ಅಲ್ಲವೇ ಅವರ ಕರಾರು?

ಬಿಚ್ಚಲು ಬಂದಾಗ ಅವನ ಬೆರಳುಗಳು ನೀಲಿಗಟ್ಟಿದ್ದವು. ಮುಷ್ಟಿಯೊಳಗೆ ಚಮಚ ಹಾಗೆಯೇ ಇತ್ತು.

"ಯಾಕೆ ಬಿಡ್ಲಿಲ್ಲ?" ಬಾಯಿಯ ಬಟ್ಟೆ ತೆಗೆಯುತ್ತ, ಕೇಳಕೂಡದೆಂಬುದನ್ನು ಮರೆತು ಕೇಳಿದಳು.

ಅವನು ಬೆರಳು ಬಿಡಿಸಲು ನೋಡುತ್ತಿದ್ದ. "ಬಿಟ್ರೆ ಅವರೆಲ್ಲ ನಗ್ತಾರೆ" ಎಂದ, ಮನೆಯಲ್ಲಿ ಇಬ್ಬರೇ ಇದ್ದರೂ.

ಎಡಗೈಯ ಎರಡು ಬೆರಳುಗಳ ಜೋಮು ಇಳಿಯಲಿಲ್ಲ. ಈಗ ಲೋಡು ಕಟ್ಟುವವರು ಹಮಾಲರೇ. ಅವನು ಬದಿಯಲ್ಲಿ ನಿಂತು ನೋಡುತ್ತಾನೆ, ಯಾರ ಗಂಟನ್ನೂ ಬಿಚ್ಚುವುದಿಲ್ಲ. "ಒಂದ್ಸಲ ಬೈದುಬಿಡಿ ಮೇಸ್ತ್ರಿ" ಎಂದು ಪಿಯಾನೋ ಬೇಕೆಂದೇ ಸಡಿಲವಾಗಿ ಕಟ್ಟಿ ತೋರಿಸಿದ. "ಚೆನ್ನಾಗಿದೆ" ಎಂದು ಮೇಸ್ತ್ರಿ ಲಾರಿ ಹೊರಡಿಸಿದ.

ಮನೆಯಲ್ಲೂ ಹಾಗೆಯೇ. ನೆಂಟರ ಮನೆಗೆ ಹೋಗೋಣವೇ ಎಂದರೆ ಆಯ್ತು, ಬೇಡವೇ ಎಂದರೆ ಅದೂ ಆಯ್ತು. ನಾದಿನಿ ಬಂದವಳು, "ಅತ್ತಿಗೆ, ಅಣ್ಣನನ್ನ ಎಷ್ಟು ಚೆನ್ನಾಗಿ ಪಳಗಿಸಿದೀರಿ" ಎಂದು ಹೊಗಳಿ ಹೋದಳು.

ಆ ಸಂಜೆ ಅವಳು ಅವನೆದುರು ಬಂದು ಕೂತಳು. "ಕತೆ ನಿಲ್ಲಿಸ್ಲಾ?"

"ನಿನ್ನಿಷ್ಟ."

"ಹಗ್ಗ ಎಸೆದುಬಿಡ್ಲಾ?"

"ಎಸಿ. ಬೇಕಾದ್ರೆ ಕಟ್ಟು." ಅವನು ಎರಡು ಕೈಗಳನ್ನೂ ಮುಂದೆ ಚಾಚಿದ.

"ಬೇಡ ಅನ್ನಿ ರೀ. ಒಂದೇ ಒಂದ್ಸಲ ಬೇಡ ಅನ್ನಿ."

"ನಿನಗೆ ಹೇಗೆ ಬೇಕೋ ಹಾಗೆ" ಎಂದ ಅವನು. ಚಾಚಿದ ಕೈಗಳನ್ನು, ಅವಳು ಎದ್ದು ಒಳಗೆ ಹೋಗುವವರೆಗೂ, ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.