ತಂಗಡಗಿಯ ರೇವವ್ವ ಮತ್ತು ವಿಜಾಪುರದ ಗುಳಿಗೆ

“ನನ್ನ ಹಿಂಡಿನಾಗ ಬರಡು ಅನ್ನೂದ ಇಲ್ಲ!” ಎಂದು ತಂಗಡಗಿಯ ಕುರಿಗಾರ ಸೋಮನಿಂಗ ಎದೆ ತಟ್ಟಿಕೊಳ್ಳುತ್ತಿದ್ದ. ನಂಬಲೇಬೇಕು, ಅವನು ಕೆಮ್ಮಿದರೆ ಕೃಷ್ಣೆಯ ಆಚೆ ದಡದ ಕುರಿಗಳೂ ಅವಳಿ ಮರಿ ಹಾಕುತ್ತಿದ್ದವು. ಟಗರು ಬಿಡುವ ಮುಂಚೆ ಕುರಿಗಳಿಗೆ ಹುರಳಿ ತಿನ್ನಿಸಿ ಮೈ ತುಂಬಿಸುವುದು, ಆಗಲೂ ಗಬ್ಬ ನಿಲ್ಲದಿದ್ದರೆ ಟಗರನ್ನೇ ಹಿಡಿದು ನೋಡುವುದು ಅವನ ಪದ್ಧತಿ. ಮಡಿಲು ತುಂಬದೆ ಉಳಿದವಳು ಅವನ ಹೆಂಡತಿ ರೇವವ್ವ ಒಬ್ಬಳೇ.

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಅತ್ತೆ ಹುಲಿಗೆವ್ವ ತೀರ್ಪು ಕೊಟ್ಟಳು: “ದೀಪಾವಳಿತನಕ ನೋಡ್ತೇನಿ. ಆಮ್ಯಾಲ ನಾಲತವಾಡದ ಹುಡುಗಿ ಈ ಮನಿಗೆ ಎರಡನೇ ಸೊಸಿಯಾಗಿ ಬರ್ತಾಳ.” ಅಂದಿನಿಂದ ರೇವವ್ವನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಯಾರೋ ಬಾಗಿಲು ಬಡಿದರೆಂದು ಹಟ್ಟಿಯ ನಾಯಿಗಳು ಬೊಗಳುತ್ತಿದ್ದವು.

ವಿಜಾಪುರದ ಡಾಕ್ಟರ್ ಇಂದ್ರಾಬಾಯಿ ಗಂಡನೊಂದಿಗೆ ಬಂದ ರೇವವ್ವನಿಗೆ ಆಗಷ್ಟೇ ಪೇಟೆಗೆ ಬಂದಿದ್ದ ಹೊಸ ಗುಳಿಗೆ ಕೊಟ್ಟರು. “ತಿಂಗಳಾ ಬಲಿಬೇಕಾದ ತತ್ತಿ ನಿನ್ನ ಹೊಟ್ಟ್ಯಾಗ ಬಲಿಯವಲ್ದು. ಈ ಗುಳಿಗಿ ಅದನ್ನ ಎಬ್ಬಸ್ತೈತಿ. ನಿನ್ನ ಗಂಡನ್ನೂ ಒಮ್ಮೆ ಪರೀಕ್ಷಾ ಮಾಡಬೇಕು” ಎಂದರು. ತೋಳಕ್ಕೂ ಹೆದರದ ಸೋಮನಿಂಗ ಆ ಮಾತು ಮುಗಿಯುವಷ್ಟರಲ್ಲಿ ಊರ ಕಡೆ ಹೋಗುವ ಮುದ್ದೇಬಿಹಾಳದ ಬಸ್ಸಿನಲ್ಲಿ ಕುಳಿತಿದ್ದ.

ಗುಳಿಗೆ ನುಂಗಿದ ತಿಂಗಳೂ ರೇವವ್ವ ಹೊರಗಾದಳು. ಭಯ ಬೆಳೆಯಿತು. ದೇವರೂ ಒಂದು ಕೈ ಹಚ್ಚಲೆಂದು ಸೋಮವಾರದ ಉಪವಾಸ ಹಿಡಿದಳು. ಮತ್ತೆ ಸೋಲು, ಶುಕ್ರವಾರ ಸೇರಿತು. ಮತ್ತೆ ಸೋಲು, ಅಮಾವಾಸ್ಯೆ, ಹುಣ್ಣಿಮೆಗಳೂ ಸೇರಿದವು. ಉಳಿದ ದಿನ ಉಣ್ಣೋಣವೆಂದರೆ ರೊಟ್ಟಿ ಗಂಟಲಲ್ಲಿ ಇಳಿಯದು: ಎದುರಿಗೇ ಅತ್ತೆ ಒಳಕೋಣೆಗೆ ಸುಣ್ಣ ಬಳಿಯುತ್ತಿದ್ದಳು, ಬರುವವಳಿಗಾಗಿ. ರೇವವ್ವ ಬಿಸಿಲಲ್ಲಿ ನಿಂತರೆ ನೆರಳೇ ಅವಳನ್ನು ಹುಡುಕಾಡುವ ಹಾಗಾಯಿತು.

ದೀಪಾವಳಿ ಹತ್ತಿರವಾದಾಗ ಕಡೆಯ ಮಾತು ಕೇಳಲು ಮೂವರೂ ವಿಜಾಪುರಕ್ಕೆ ಹೋದರು. ಇಂದ್ರಾಬಾಯಿ ರೇವವ್ವನನ್ನು ತೂಕಕ್ಕೆ ನಿಲ್ಲಿಸಿದರು. ಮುಳ್ಳು ಕದಲಲು ನಾಚಿತು.

“ಏನ್ ತಿಂತೀಯವ್ವಾ?”

“ಉಪವಾಸ ಹಿಡದೇನ್ರಿ, ಡಾಕ್ಟರ್ ಬಾಯಾರ...”

“ಬಾಡಿದ ಮೈಯಾಗ ಗುಳಿಗಿ ಏನ್ ಮಾಡ್ಬೇಕು? ಮೊದಲ ಉಣ್ಣು. ಮೈ ತುಂಬಲಿ, ಆಮ್ಯಾಲ ಮತ್ತ ಕೊಡ್ತೇನಿ.”

ಹೊರಗೆ ಬೇವಿನ ಗಿಡದ ಕೆಳಗೆ ಹುಲಿಗೆವ್ವ ಸೆರಗು ಕೊಡವಿದಳು. “ಇಕಿ ಮೈ ತುಂಬೂದು ಯಾವಾಗ, ಹಡಿಯೂದು ಯಾವಾಗ? ಸೋಮ್ಯಾ, ನಡಿ ನಾಲತವಾಡಕ್ಕ.”

ಸೋಮನಿಂಗ ಮೀಸೆ ತಿರುವಿ, “ಹೂಂ” ಎಂದ.

ರೇವವ್ವ ದಾರಿಗೆ ಅಡ್ಡ ನಿಂತಳು. ಗಂಡನ ಮುಖ ನೋಡಿ ಕೇಳಿದಳು:

“ಕುರಿ ಸೊರಗಿದ್ರ ಟಗರಿಗೆ ಇನ್ನೊಂದ್ ಹಿಂಡ ತರ್ತೀರೇನ್ರಿ? ಮೊದಲ ಮೇವು ಹಾಕ್ತೀರಿ. ಮೇವು ತಿಂದೂ ಗಬ್ಬ ನಿಲ್ಲಲಿಲ್ಲಂದ್ರ ಯಾರನ್ನ ಹಿಡದು ನೋಡ್ತೀರಿ, ಅದನ್ನಷ್ಟ ನಿಮ್ಮವ್ವಗ ಹೇಳ್ರಿ!”