ಎರಡನೇ ಅಂಗಡಿಗೆ ಮೊದಲು ಒಂದು ದಿನದ ರಜೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಈ ಮನೆಯಲ್ಲಿ ಮಾತ್ರ ಅಡುಗೆಕೋಣೆಯ ದೀಪ ಉರಿಯುತ್ತಿದೆ. ರಾತ್ರಿಯಿಡೀ ಬ್ರೆಡ್ ಬೇಯಿಸಿ ಬಂದ ಬೇಕರಿಯವನ ಮೊಣಕೈಗೆ ಇನ್ನೂ ಹಿಟ್ಟು ಮೆತ್ತಿಕೊಂಡಿದೆ. ಆಸ್ಪತ್ರೆಯ ಲ್ಯಾಬಿಗೆ ಹೊರಟ ಹೆಂಡತಿ ನಿಂತಲ್ಲೇ ಜಡೆ ಹೆಣೆದುಕೊಳ್ಳುತ್ತಿದ್ದಾಳೆ. ಗಂಡ ಹೆಂಡತಿ ಒಟ್ಟಿಗೆ ಎಚ್ಚರವಿರುವುದು ಈ ಅರ್ಧ ಗಂಟೆಯಷ್ಟೇ. ಅದಕ್ಕೇ ಲೆಕ್ಕದಕ್ಕ ಈ ಹೊತ್ತಿಗೆ ಬಂದಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲೆಂದು ನಾನೂ ಜೊತೆಗೆ ಬಂದಿದ್ದೇನೆ.

ಲೆಕ್ಕದಕ್ಕ ಎಂಬುದು ಜನ ಇಟ್ಟ ಹೆಸರು. ಮನೆಮನೆಗೆ ಹೋಗಿ ಉಳಿತಾಯ, ವಿಮೆ, ಸಾಲದ ಬಗ್ಗೆ ಸಲಹೆ ಕೊಡುವುದು ಅವರ ಕೆಲಸ. ಮೊದಲು ಬ್ಯಾಂಕಿನಲ್ಲಿದ್ದರು. ಬೇಡದವರಿಗೂ ಪಾಲಿಸಿ ಮಾರಲು ಮನಸ್ಸೊಪ್ಪದೆ ಹೊರಬಂದರು. ಕಮಿಷನ್ ಮುಟ್ಟುವುದಿಲ್ಲ, ಸಲಹೆಯ ಶುಲ್ಕವಷ್ಟೇ. ಮೊದಲೆರಡು ವರ್ಷ ಮನೆ ನಡೆದದ್ದು ಗಂಡನ ಸಂಬಳದಲ್ಲಿ. "ನಮ್ಮನೆಗೆ ಯಾವಾಗ ಬರ್ತೀರಿ ಮೇಡಮ್ಮೋರೇ ಅಂತ ಈಗಲೂ ರೇಗಿಸ್ತಾರೆ," ಎಂದು ನಗುತ್ತಾರೆ.

ಇಂದಿನ ಪ್ರಶ್ನೆ ಕಠಿಣವಾದದ್ದು. ಬೇಕರಿಯವನಿಗೆ ಎರಡನೇ ಅಂಗಡಿ ಸಿಗುವುದರಲ್ಲಿದೆ. ಮಾಲೀಕರಿಗೆ ಇವತ್ತೇ ಉತ್ತರ ಹೇಳಬೇಕು. ಮುಂಗಡಕ್ಕೆ ಇರುವುದು ಒಂದೇ ಗಂಟು, ತಾಯಿಯ ಮಂಡಿ ಆಪರೇಷನ್ನಿಗೆಂದು ಎತ್ತಿಟ್ಟ ಹಣ.

ಅಕ್ಕ ಫೈಲು ಬಿಚ್ಚುವುದಿಲ್ಲ. ಮನೆಯ ಎಲ್ಲರೂ ಮೇಜಿನ ಸುತ್ತ ಕೂತು, ತಮಗೇನು ಬೇಕೆಂದು ಚಿಕ್ಕವರಿಂದ ಶುರುಮಾಡಿ ಹೇಳಬೇಕು. ಎಲ್ಲೇ ಹೋದರೂ ಅವರ ಪದ್ಧತಿ ಅದೇ.

"ಅಪ್ಪ ಒಂದ್ಸಲ ನಮ್ಮ ಶಾಲೆಗೆ ಬರ್ಬೇಕು," ಎನ್ನುತ್ತಾಳೆ ಮಗಳು. "ಬಂದು ನಿದ್ದೆ ಮಾಡ್ಬಾರ್ದು."

"ನನಗೇನೂ ಬೇಡಪ್ಪ," ಅಜ್ಜಿ ಸರದಿಗೆ ಮೊದಲೇ ಹೇಳಿ ಕಾಲು ನೀವಿಕೊಳ್ಳುತ್ತಾರೆ. ಅವರು ಮೆಟ್ಟಿಲಿಳಿದು ಬೀದಿ ನೋಡದೆ ತಿಂಗಳುಗಳೇ ಆಗಿವೆ.

ಹೆಂಡತಿ ಬಾಯಿ ತೆರೆಯುವ ಮೊದಲೇ ಬೇಕರಿಯವನು ಶುರುಮಾಡುತ್ತಾನೆ. "ಇವರಿಗೋಸ್ಕರಾನೇ ಅಲ್ವಾ ಅಕ್ಕ? ಮೂರನೇ ವರ್ಷದಿಂದ ಲಾಭಾನೇ ಲಾಭ. ಆಮೇಲೆ ಆರಾಮಾಗಿ..." ಮಾತು ಅಲ್ಲಿಗೇ ನಿಲ್ಲುತ್ತದೆ. ಕೂತಲ್ಲೇ ಕಣ್ಣು ಮುಚ್ಚಿದೆ, ಗದ್ದ ಎದೆಗೆ ತಾಗಿದೆ.

ಎಬ್ಬಿಸಲು ಕೈ ಚಾಚಿದ ಹೆಂಡತಿಯನ್ನು ಅಕ್ಕ ತಡೆಯುತ್ತಾರೆ. ಮುಂದಿನ ಮನೆಗೆ ಪಿಸುದನಿಯಲ್ಲಿ ಫೋನ್ ಮಾಡಿ ತಡವಾಗುತ್ತದೆ ಎನ್ನುತ್ತಾರೆ. ಹೆಂಡತಿಯೂ ಲ್ಯಾಬಿಗೆ ಹಾಗೇ ತಿಳಿಸುತ್ತಾಳೆ. ಮೂಲೆಯಲ್ಲಿ ಕೂತ ನಾನು ಪೆನ್ನಿನ ಸದ್ದಿಗೂ ಅಂಜುತ್ತೇನೆ.

ಬಿಸಿಲು ಮೇಜಿಗೆ ಬಂದಾಗ ಅವನು ಬೆಚ್ಚಿ ಏಳುತ್ತಾನೆ. "ಎಲ್ಲೀವರೆಗೆ ಬಂದಿದ್ದೆ?"

"ಮೂರನೇ ವರ್ಷದ ಲಾಭದವರೆಗೆ," ಎನ್ನುತ್ತಾರೆ ಅಜ್ಜಿ.

ಎಲ್ಲರಿಗೂ ನಗು. ಬೇಕರಿಯವನಿಗೂ.

"ಅಂಗಡಿ ಬೇಡ ಅನ್ನಲ್ಲಪ್ಪ ನಾನು," ಅಕ್ಕ ಮೆಲ್ಲಗೆ ಹೇಳುತ್ತಾರೆ. "ಮೊದಲು ಒಲೆ ಹತ್ರ ಇನ್ನೊಬ್ಬರನ್ನ ಇಟ್ಕೊ. ವಾರಕ್ಕೊಂದು ರಜೆ ತಗೊ. ನೀನಿಲ್ಲದ ದಿನಾನೂ ಒಂದು ಅಂಗಡಿ ನಡೆದ್ರೆ, ಆಗ ಎರಡನೇದರ ಮಾತು. ಅಮ್ಮನ ದುಡ್ಡು ಮಾತ್ರ ಮುಟ್ಬೇಡ."

ಅವನು ತಾಯಿಯ ಕಾಲನ್ನು ನೋಡುತ್ತಾನೆ. ಫೋನ್ ತೆಗೆದು ಅಂಗಡಿಯ ಮಾಲೀಕರಿಗೆ, "ಈ ವರ್ಷ ಆಗಲ್ಲ ಸಾರ್," ಎನ್ನುತ್ತಾನೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. "ಇವತ್ತೇ ಡಾಕ್ಟರ ಹತ್ರ ದಿನ ಕೇಳ್ಕೊಂಡು ಬರ್ತೀನಿ ಅತ್ತೆ."

ಬಾಗಿಲವರೆಗೆ ಬಂದು ಅವಳು ಅಕ್ಕನ ಕೈ ಹಿಡಿಯುತ್ತಾಳೆ. ಬೇಗ ಬಿಡುವುದಿಲ್ಲ.

ಮೆಟ್ಟಿಲಿಳಿಯುತ್ತಾ ಅಕ್ಕ ನನಗೆ ಹೇಳುತ್ತಾರೆ: "ನಾನು ಯಾರನ್ನೂ ಶ್ರೀಮಂತರನ್ನಾಗಿ ಮಾಡಿಲ್ಲಮ್ಮ. ಆದ್ರೆ ನನ್ನ ಮಾತು ಕೇಳಿದ ಮನೆಯವರು ಯಾರೂ ಆಸ್ಪತ್ರೆ ಬಾಗಿಲಲ್ಲಿ ನಿಂತು ಕೈಸಾಲಕ್ಕೆ ಫೋನ್ ಮಾಡಿಲ್ಲ. ಅಷ್ಟು ಸಾಕು ನಂಗೆ."